ಮಕ್ಕಳ ಕೈಗೆ ಬೋಟ್ ಕೊಡುವ ಮೊದಲು: ಕೆನಡಾದಲ್ಲಿ ಬೋಟ್ ಕಾರ್ಡ್ ಮಾಡಿಸುವ ಬಗೆ

ಕಳೆದ ಬೇಸಿಗೆಯಲ್ಲಿ ನಾನು ಮಾಡಿಕೊಂಡ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಒಂಟಾರಿಯೊ ಪ್ರಾಂತದ ಮಿಸಿಸಾಗಾದಿಂದ ಹೊರಟು ಕವಾರ್ಥಾ ಲೇಕ್ಸ್ ಎಂಬ ಕೆರೆಗಳ ಕಡೆ, ಪಿಜನ್ ಲೇಕ್ ದಂಡೆಯಲ್ಲಿ ಒಂದು ವಾರಕ್ಕೆ ಕಾಟೇಜ್ ಹಿಡಿದಿದ್ದೆವು. ಬಾಡಿಗೆಯ ಜಾಹೀರಾತಿನಲ್ಲಿ 'ಮೋಟರ್ ಬೋಟ್ ಸಹಿತ' ಎಂದಿತ್ತು. ಮಗಳಿಗೆ 13 ವರ್ಷ. ಮೇ ತಿಂಗಳಲ್ಲೇ ಪರೀಕ್ಷೆ ಬರೆದು, ಮೋಟರ್ ಬೋಟ್ ಓಡಿಸಲು ಬೇಕಾದ ಬೋಟ್ ಕಾರ್ಡ್ ತೆಗೆದುಕೊಂಡಿದ್ದಳು. ಸೋದರತ್ತೆಯ ಮಗನನ್ನು ಕೂರಿಸಿಕೊಂಡು ಒಬ್ಬಳೇ ಬೋಟ್ ಓಡಿಸುತ್ತೇನೆಂದು ದಾರಿಯುದ್ದಕ್ಕೂ ಅದೇ ಮಾತು. ನಾನೂ ಹೂಂ ಅಂದಿದ್ದೆ. ಹೋಗಿ ನೋಡಿದರೆ ಡಾಕ್‌ನಲ್ಲಿ (ದೋಣಿ ಕಟ್ಟುವ ಕಟ್ಟೆ) ಕಟ್ಟಿದ್ದು ದೊಡ್ಡದೊಂದು ಪಾಂಟೂನ್ ಬೋಟ್, ತೇಲುವ ಕೊಳವೆಗಳ ಮೇಲೆ ಚಪ್ಪಟೆ ಹಲಗೆ ಹಾಸಿದಂಥದ್ದು. ಅದರ ಮೋಟರಿನ ಕಪ್ಪು ಮುಚ್ಚಳದ ಮೇಲೆ ಅಂಗೈಯಗಲದ ಅಕ್ಷರದಲ್ಲಿ 60 ಎಂದು ಬರೆದಿತ್ತು.

"ಅಪ್ಪಾ, ಕಾರ್ಡ್ ಬಂದ್ಮೇಲೆ ನಾನೇ ಓಡಿಸ್ಬೋದು ಅಂದಿದ್ದೆ ತಾನೆ?"

ಅಂದಿದ್ದು ನಿಜ. ಆದರೆ 12 ತುಂಬಿ 16 ತುಂಬದ ಮಕ್ಕಳು ದೊಡ್ಡವರು ಜೊತೆಗಿಲ್ಲದೆ ಓಡಿಸುವುದಾದರೆ ಮೋಟರ್ 40 ಎಚ್‌ಪಿ ದಾಟುವಂತಿಲ್ಲ. ಕಾರ್ಡ್ ಇದ್ದರೂ ಅಷ್ಟೆ. ಕಾರ್ಡಿನ ನಿಯಮ ಬೇರೆ, ವಯಸ್ಸು-ಎಚ್‌ಪಿ ನಿಯಮ ಬೇರೆ ಎನ್ನುವುದು ನನ್ನ ತಲೆಗೆ ಹೋಗಿರಲಿಲ್ಲ. ನಮ್ಮ ಗುಂಪಿನಲ್ಲಿ ಮಕ್ಕಳಿಗೆ ಕಾರ್ಡ್ ಮಾಡಿಸಿದ ಬಹಳ ಜನರಿಗೂ ಹೋಗಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಅದಕ್ಕೇ ಈ ಬರಹ.

ಮೊದಲು ಮೋಟರ್ ಮೇಲಿನ ನಂಬರ್ ಓದಿ

ಇಲ್ಲಿ ಎಲ್ಲರೂ ಈ ಕಾರ್ಡನ್ನು ಬೋಟ್ ಲೈಸೆನ್ಸ್ ಎನ್ನುತ್ತಾರೆ. ಸರ್ಕಾರದ ಕಾಗದದಲ್ಲಿ ಅದರ ಹೆಸರು 'ಪ್ಲೆಷರ್ ಕ್ರಾಫ್ಟ್ ಆಪರೇಟರ್ ಕಾರ್ಡ್', ಚಿಕ್ಕದಾಗಿ ಪಿಸಿಓಸಿ. ಬೋಟ್ ಲೈಸೆನ್ಸ್ ಎನ್ನುವುದು ಬೇರೆಯೇ ಒಂದು ವಸ್ತು, ಅದು ಬೋಟಿಗೆ ಸೇರಿದ್ದು. 10 ಎಚ್‌ಪಿ ಮತ್ತು ಅದಕ್ಕಿಂತ ಹೆಚ್ಚಿನ ಮೋಟರ್ ಇರುವ ಬೋಟಿಗೆ ಅದು ಬೇಕು. ಬೋಟಿನ ಮೂತಿಯ ಎರಡೂ ಬದಿಗೆ ಏಳೂವರೆ ಸೆಂಟಿಮೀಟರ್‌ಗೆ ಕಡಿಮೆಯಿಲ್ಲದ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಆ ನಂಬರ್. ಕಾರ್ಡ್ ಇರುವುದು ಓಡಿಸುವ ಮನುಷ್ಯನಿಗೆ. ಕಾರಿಗೆ ನಂಬರ್ ಪ್ಲೇಟ್, ಡ್ರೈವರ್‌ಗೆ ಡಿಎಲ್ ಇದ್ದ ಹಾಗೆ.

ಮಕ್ಕಳ ವಿಷಯದಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಕೈಯಲ್ಲಿ ಕಾರ್ಡ್ ಇದೆಯೇ? ಮೋಟರ್ ಎಷ್ಟು ಎಚ್‌ಪಿ? ಪಕ್ಕದಲ್ಲಿ ಯಾರು ಕೂತಿದ್ದಾರೆ? ಮೊದಲನೆಯದಕ್ಕೆ ಉತ್ತರ ಸಿಕ್ಕ ತಕ್ಷಣ ಉಳಿದೆರಡನ್ನು ನಾವು ಮರೆಯುತ್ತೇವೆ. ದೊಡ್ಡವರ ನಿಗಾ ಇಲ್ಲದೆ ಓಡಿಸುವುದಾದರೆ ಲೆಕ್ಕ ಹೀಗೆ:

12 ವರ್ಷದ ಒಳಗಿನವರು: 10 ಎಚ್‌ಪಿವರೆಗೆ, ಅಂದರೆ 7.5 ಕಿಲೋವ್ಯಾಟ್.
12 ತುಂಬಿ 16 ತುಂಬದವರು: 40 ಎಚ್‌ಪಿವರೆಗೆ, ಅಂದರೆ 30 ಕಿಲೋವ್ಯಾಟ್.
16 ತುಂಬಿದವರು: ಮಿತಿ ಇಲ್ಲ.

ಇದಕ್ಕಿಂತ ದೊಡ್ಡ ಮೋಟರ್ ಆದರೆ 16 ತುಂಬಿದ ಯಾರಾದರೂ ಬೋಟಿನೊಳಗೇ ಇದ್ದು ನೇರವಾಗಿ ನೋಡಿಕೊಳ್ಳಬೇಕು. ಡಾಕ್ ಮೇಲೆ ಕುರ್ಚಿ ಹಾಕಿಕೊಂಡು, ಕಾಫಿ ಹೀರುತ್ತಾ ಕೈ ಬೀಸುವುದು ನಿಗಾ ಅಲ್ಲ. ಕಾನೂನಿನ ಲೆಕ್ಕದಲ್ಲಿ 16 ವರ್ಷದ ಅಣ್ಣ ಪಕ್ಕದಲ್ಲಿದ್ದರೂ ಸಾಕು. ನನ್ನನ್ನು ಕೇಳಿದರೆ ಅದು ಕಾನೂನಿಗೆ ಸಾಕು, ಅಪ್ಪ ಅಮ್ಮನ ನಿದ್ದೆಗೆ ಸಾಲದು. ಪಕ್ಕದಲ್ಲಿ ಕೂರುವವರ ಹತ್ತಿರವೂ ಕಾರ್ಡ್ ಇರಲಿ, ಕೈ ಚಾಚಿದರೆ ಸ್ಟೀರಿಂಗ್ ಸಿಗುವಷ್ಟು ಹತ್ತಿರ ಕೂತಿರಲಿ.

ನೀರಿನ ಮೇಲೆ ಬೈಕಿನಂತೆ ಕೂತು ಓಡಿಸುವ ಜೆಟ್ ಸ್ಕೀಗೆ ಮಾತ್ರ ಯಾವ ವಿನಾಯಿತಿಯೂ ಇಲ್ಲ. 16 ತುಂಬದವರು ಓಡಿಸುವಂತೆಯೇ ಇಲ್ಲ, ಹಿಂದೆ ಅಪ್ಪ ಕೂತಿದ್ದರೂ ಇಲ್ಲ. ಈ ವಯಸ್ಸು-ಎಚ್‌ಪಿ ನಿಯಮ ನಾರ್ತ್‌ವೆಸ್ಟ್ ಟೆರಿಟರೀಸ್ ಮತ್ತು ನುನಾವುಟ್‌ಗೆ ಅನ್ವಯಿಸುವುದಿಲ್ಲ. ಆದರೆ ನಮ್ಮವರು ರಜೆಗೆ ಅಲ್ಲಿಗೆ ಹೋಗುವುದು ಅಪರೂಪ.

ಎಚ್‌ಪಿ ಅಂದರೆ ಮಗಳಿಗೆ ಬರೀ ಒಂದು ಅಂಕಿ. ಅವಳ ಅಜ್ಜನಿಗೆ ಹಾಗಲ್ಲ. ಊರಿನ ತೋಟದ ಪಂಪ್‌ಸೆಟ್ಟು 5 ಎಚ್‌ಪಿ, ಅದರ ಪೈಪಿನಿಂದ ನೀರು ಚಿಮ್ಮುವ ರಭಸ ಅವರಿಗೆ ಗೊತ್ತು. "ಅಂಥ ಹನ್ನೆರಡು ಪಂಪ್ ಒಟ್ಟಿಗೆ ಕಟ್ಟಿದ ಹಾಗೆ" ಎಂದು ಪಾಂಟೂನ್ ಕಡೆ ಬೊಟ್ಟು ಮಾಡಿದರು. ನಾನು ಅರ್ಧ ಗಂಟೆ ಕೊಟ್ಟ ವಿವರಣೆಗಿಂತ ಆ ಒಂದು ಮಾತು ಅವಳಿಗೆ ಚೆನ್ನಾಗಿ ತಾಗಿತು.

ಪುಣ್ಯಕ್ಕೆ ಆ ಕಾಟೇಜಿನ ಶೆಡ್ ಪಕ್ಕದಲ್ಲಿ ಹಳೇ ಅಲ್ಯೂಮಿನಿಯಂ ಮೀನು ದೋಣಿಯೊಂದಿತ್ತು. ಇಲ್ಲಿ ಅದನ್ನು ಟಿನ್ ಬೋಟ್ ಎನ್ನುತ್ತಾರೆ. ಅದರ ಹಿಂದೆ 9.9 ಎಂದು ಬರೆದ ಪುಟ್ಟ ಮೋಟರ್. ಒಂಟಾರಿಯೊದ ಕೆರೆಗಳಲ್ಲಿ ಈ 9.9 ಎಲ್ಲೆಲ್ಲೂ ಕಾಣುತ್ತದೆ, ಮೊದಮೊದಲು ನನಗೆ ಅದೇನೋ ಮಾಡೆಲ್ ನಂಬರ್ ಅನ್ನಿಸಿತ್ತು. 10ರ ಗೆರೆಗೆ ಒಂದು ಕೂದಲೆಳೆ ಒಳಗೆ ನಿಲ್ಲುವುದರಿಂದ ಅಂಥ ಬೋಟಿಗೆ ಲೈಸೆನ್ಸ್ ನಂಬರ್ ಬೇಡ, ಹತ್ತು ವರ್ಷದ ಹುಡುಗನೂ ಕಾರ್ಡ್ ಇದ್ದರೆ ಓಡಿಸಬಹುದು. ಮಗಳ ಬೇಸಿಗೆ ಉಳಿದದ್ದು ಅದರಿಂದ.

ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ: ಕಾಟೇಜ್ ಬುಕ್ ಮಾಡುವಾಗಲೇ ಮಾಲೀಕರಿಗೆ ಒಂದು ಮೆಸೇಜ್ ಹಾಕಿ, ಮೋಟರ್ ಎಷ್ಟು ಎಚ್‌ಪಿ, ಮಕ್ಕಳು ಓಡಿಸಲು ನಿಮ್ಮ ಒಪ್ಪಿಗೆ ಇದೆಯೇ, ಇನ್ಶೂರೆನ್ಸ್ ಏನು ಹೇಳುತ್ತದೆ ಎಂದು ಕೇಳಿ. ಕಾನೂನು ಒಪ್ಪಿದರೂ ಮಾಲೀಕರು ಒಪ್ಪಲೇಬೇಕೆಂದಿಲ್ಲ. ಮರೀನಾದವರು (ಬೋಟ್ ನಿಲ್ಲಿಸುವ, ಬಾಡಿಗೆಗೆ ಕೊಡುವ ತಾಣದವರು) ಬಾಡಿಗೆ ಬೋಟಿಗೆ ತಮ್ಮದೇ ವಯಸ್ಸಿನ ಮಿತಿ ಇಟ್ಟಿರುತ್ತಾರೆ, ಅದು ಸಾಮಾನ್ಯವಾಗಿ 16ಕ್ಕಿಂತ ಮೇಲೆಯೇ ಇರುತ್ತದೆ.

ಕಾರ್ಡ್ ಯಾರಿಗೆ ಬೇಕು, ಯಾರಿಗೆ ಬೇಡ

ಅಜ್ಜ ಗಂಗೊಳ್ಳಿಯವರು. ಪಂಚಗಂಗಾವಳಿಯ ಅಳಿವೆಯಲ್ಲಿ ಬೆಳೆದವರು. ಮೊಮ್ಮಗಳ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ನಾವ್ ಹೊಳಿಯಗೆ ದೋಣಿ ಬಿಡ್ವತಿಗೆ ಯಾರ್ ಕಾರ್ಡ್ ಕೇಂಡಿರ್ ಮಾರಾಯ?" ಎಂದು ನಕ್ಕರು. ಹುಟ್ಟು ಹಾಕುವ ದೋಣಿಗೆ ಇಲ್ಲಿಯೂ ಯಾರೂ ಕೇಳುವುದಿಲ್ಲ. ಕನೂ, ಕಯಾಕ್, ಪ್ಯಾಡಲ್ ಬೋರ್ಡ್, ಮೋಟರ್ ಇಲ್ಲದ ಹಾಯಿದೋಣಿ ಯಾವುದಕ್ಕೂ ಕಾರ್ಡ್ ಬೇಡ. ಮೋಟರ್ ತಗುಲಿಸಿದ ಕ್ಷಣದಿಂದ ಬೇಕು. ಮೀನು ಹಿಡಿಯುವವರು ಹಾಕಿಕೊಳ್ಳುವ ಸಣ್ಣ ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟರ್ ಆದರೂ ಬೇಕು. ಮೋಟರ್ ಇರುವ ಹಾಯಿದೋಣಿಯಲ್ಲಿ ಅದನ್ನು ಆರಿಸಿ ಬರೀ ಗಾಳಿಯಲ್ಲಿ ಹೋಗುತ್ತಿದ್ದರೂ ಬೇಕು.

ಈ ನಿಯಮ 1999ರಲ್ಲಿ ಬಂತು. ಹಂತಹಂತವಾಗಿ ಜಾರಿಯಾಗಿ 2009ರ ಸೆಪ್ಟೆಂಬರ್ 15ರಿಂದ ವಯಸ್ಸಿನ ಭೇದವಿಲ್ಲದೆ ಮೋಟರ್ ಬೋಟ್ ಓಡಿಸುವ ಎಲ್ಲರಿಗೂ ಅನ್ವಯವಾಗಿದೆ. ಕಾರ್ಡ್ ಇಲ್ಲದೆ ಸಿಕ್ಕಿಬಿದ್ದರೆ 250 ಡಾಲರ್ ದಂಡ. ಒಂಟಾರಿಯೊದಲ್ಲಿ ಪ್ರಾಂತೀಯ ಪೊಲೀಸರ ಬೋಟುಗಳು ಬೇಸಿಗೆಯ ವಾರಾಂತ್ಯಗಳಲ್ಲಿ ಗಸ್ತು ತಿರುಗುತ್ತಿರುತ್ತವೆ, ನಗುತ್ತಲೇ ಪಕ್ಕಕ್ಕೆ ಬಂದು ಲೈಫ್ ಜಾಕೆಟ್ ಎಣಿಸುತ್ತಾರೆ.

ಊರಿನಿಂದ ಬಂದ ನೆಂಟರ ವಿಷಯ ಬಹಳ ಜನ ಕೇಳುತ್ತಾರೆ. ಹೊರದೇಶದವರು ತಮ್ಮದೇ ಬೋಟ್ ತಂದು 45 ದಿನಕ್ಕಿಂತ ಕಡಿಮೆ ಇದ್ದರೆ ವಿನಾಯಿತಿ ಇದೆ. ಅದು ಅಮೆರಿಕದಿಂದ ಬೋಟ್ ಎಳೆದುಕೊಂಡು ಬರುವವರಿಗೆ ಉಪಯೋಗ. ಬೆಂಗಳೂರಿನಿಂದ ಬಂದ ಚಿಕ್ಕಪ್ಪ ಇಲ್ಲಿಯ ಬೋಟ್ ಓಡಿಸಬೇಕೆಂದರೆ ಅದು ಅನ್ವಯಿಸುವುದಿಲ್ಲ. ಬಾಡಿಗೆ ಬೋಟ್ ಆದರೆ ಒಂದು ದಾರಿ ಇದೆ: ಬಾಡಿಗೆ ಕೊಡುವವರು 'ರೆಂಟಲ್ ಬೋಟ್ ಸೇಫ್ಟಿ ಚೆಕ್‌ಲಿಸ್ಟ್' ಎಂಬ ಪಟ್ಟಿಯನ್ನು ಒಂದೊಂದಾಗಿ ವಿವರಿಸಿ, ಇಬ್ಬರೂ ಸಹಿ ಹಾಕಿದರೆ ಆ ಬಾಡಿಗೆಯ ಅವಧಿಗೆ ಅದೇ ಕಾರ್ಡಿನ ಬದಲಿಗೆ ನಡೆಯುತ್ತದೆ. ವಿವರಿಸದೆ "ಇಲ್ಲಿ ಸೈನ್ ಮಾಡಿ" ಎಂದು ಪೆನ್ನು ಕೊಡುವವರೂ ಇದ್ದಾರೆ. ಒಂದು ಕಡೆ ನನಗೆ ಹಾಗೇ ಆಯಿತು. ಮೋಟರನ್ನು ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ ಎಲ್ಲಿದೆ ಎಂದು ನಾನೇ ಹುಡುಕಬೇಕಾಯಿತು. ಅವಸರವಿದ್ದರೂ ಕೇಳಿ, ಹೇಳಿಸಿಕೊಂಡೇ ಸಹಿ ಹಾಕಿ.

ಕೋರ್ಸಿಗೆ ಸೇರಿಸುವುದು

ಈ ಕಾರ್ಡಿಗೆ ಸರ್ಕಾರಿ ಕಚೇರಿಯ ಕ್ಯೂನಲ್ಲಿ ನಿಲ್ಲಬೇಕಿಲ್ಲ. ಟ್ರಾನ್ಸ್‌ಪೋರ್ಟ್ ಕೆನಡಾ (ಕೇಂದ್ರ ಸರ್ಕಾರದ ಸಾರಿಗೆ ಇಲಾಖೆ) ತಾನೇ ಪರೀಕ್ಷೆ ನಡೆಸುವುದಿಲ್ಲ, ಮಾನ್ಯತೆ ಪಡೆದ ಸಂಸ್ಥೆಗಳಿಗೆ ವಹಿಸಿದೆ. ಬೋಟ್‌ಸ್ಮಾರ್ಟ್, ಬೋಟರ್‌ಎಕ್ಸಾಮ್ ಆನ್‌ಲೈನಿನಲ್ಲಿ ಹೆಚ್ಚು ಕಾಣುವ ಹೆಸರುಗಳು. ಕ್ಲಾಸಿನಲ್ಲಿ ಕೂತು ಕಲಿಯಬೇಕೆಂದರೆ ಕೆನಡಿಯನ್ ಪವರ್ ಅಂಡ್ ಸೇಲ್ ಸ್ಕ್ವಾಡ್ರನ್ಸ್‌ನ ಸ್ಥಳೀಯ ಶಾಖೆ ವಿಚಾರಿಸಿ. ಯಾವುದನ್ನೇ ಆರಿಸಿದರೂ ಟ್ರಾನ್ಸ್‌ಪೋರ್ಟ್ ಕೆನಡಾದ ಪಟ್ಟಿಯಲ್ಲಿ ಆ ಹೆಸರು ಇದೆಯೇ ಎಂದು ಹಣ ಕಟ್ಟುವ ಮೊದಲು ನೋಡಿಕೊಳ್ಳಿ. ಬೋಧನೆ, ಪರೀಕ್ಷೆ, ಕಾರ್ಡ್ ಎಲ್ಲ ಸೇರಿ 50 ಡಾಲರ್ ಆಸುಪಾಸು ಆಗುತ್ತದೆ.

ಪರೀಕ್ಷೆ ಬರೆಯಲು ಕನಿಷ್ಠ ವಯಸ್ಸು ಇಲ್ಲ. ಎಂಟು ವರ್ಷದ ಮಗುವೂ ಬರೆಯಬಹುದು. ಬರೆಸಬೇಕೇ ಎನ್ನುವುದು ಬೇರೆ ಪ್ರಶ್ನೆ. ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ ಒಂದು ಪುಟ ಓದಿ, ಅರ್ಥ ಮಾಡಿಕೊಂಡು, ಅದನ್ನು ಮನೆಯವರಿಗೆ ತಿರುಗಿ ಹೇಳಬಲ್ಲ ಮಗು ಆಗಿರಬೇಕು. ನನ್ನ ಅಂದಾಜಿನಲ್ಲಿ ಅದು ಹತ್ತು ಹನ್ನೊಂದರ ಹೊತ್ತಿಗೆ ಬರುತ್ತದೆ. ಅದಕ್ಕೂ ಮೊದಲು ಹುಟ್ಟು ಹಾಕಲು ಕಲಿಸಿ. ಗಾಳಿ ದೋಣಿಯನ್ನು ಹೇಗೆ ತಳ್ಳುತ್ತದೆ ಎನ್ನುವುದು ಮೋಟರಿಗಿಂತ ಹುಟ್ಟಿನಲ್ಲಿ ಬೇಗ ತಿಳಿಯುತ್ತದೆ.

ಹೆಸರು ತುಂಬುವಾಗ ಹುಷಾರು. ನಮ್ಮ ಮಕ್ಕಳ ಹೆಸರಿನ ಗೋಜಲು ನಿಮಗೆ ಗೊತ್ತೇ ಇದೆ. ಶಾಲೆಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸೇರಿ ಇನ್ನೊಂದು, ಮನೆಯಲ್ಲಿ ಕರೆಯುವುದು ಮತ್ತೊಂದು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಕಾಗುಣಿತ ಸಮೇತ ಕೊಡಿ. ಹುಟ್ಟಿದ ತಾರೀಖು ತುಂಬುವಾಗ ತಿಂಗಳು ಮೊದಲೋ ದಿನ ಮೊದಲೋ ನೋಡಿಕೊಳ್ಳಿ. ಎಚ್‌ಪಿ ಮಿತಿ ಇರುವುದೇ ವಯಸ್ಸಿನ ಮೇಲಾದ್ದರಿಂದ ಅದು ತಪ್ಪಿದರೆ ತಾಪತ್ರಯ.

ಆನ್‌ಲೈನ್ ಕೋರ್ಸಿನಲ್ಲಿ ಪ್ರತಿ ಪುಟಕ್ಕೂ ಗಡಿಯಾರ ಇರುತ್ತದೆ. ಅದು ಮುಗಿಯುವವರೆಗೆ 'ಮುಂದೆ' ಬಟನ್ ಒತ್ತಲು ಆಗುವುದಿಲ್ಲ. ಮಕ್ಕಳು ಪುಟ ತೆರೆದಿಟ್ಟು ಇನ್ನೊಂದು ವಿಂಡೋದಲ್ಲಿ ಗೇಮ್ ಆಡುತ್ತಾರೆ. ನಮ್ಮ ಮನೆಯಲ್ಲೂ ಆಯಿತು. ದಿನಕ್ಕೊಂದು ಪಾಠದಂತೆ ಹಂಚಿ, ರಾತ್ರಿ ಊಟಕ್ಕೆ ಕೂತಾಗ ಅವಳು ನಮಗೆ ಪಾಠ ಹೇಳಬೇಕು ಎಂದು ಮಾಡಿದೆವು. ಆಮೇಲೆ ಗೇಮ್ ನಿಂತಿತು. ಕೋರ್ಸಿನ ನಡುವಿನ ಕಿರುಪರೀಕ್ಷೆಗಳನ್ನು ಹಾರಿಸಲು ಬಿಡಬೇಡಿ.

ಓದಬೇಕಾದ್ದು

ಪಠ್ಯದಲ್ಲಿ ಹತ್ತೆಂಟು ವಿಷಯ ಇದೆ. ಬಹಳಷ್ಟು ಒಮ್ಮೆ ಓದಿದರೆ ಉಳಿಯುತ್ತದೆ. ಮಕ್ಕಳು ಎಡವುವುದು ಮೂರು ಕಡೆ.

ಒಂದು, ಬೂಯಿ. ನೀರಿನ ಮೇಲೆ ತೇಲುವ ಕೆಂಪು ಹಸಿರು ಗುರುತುಗಳಿಗೆ ಕನ್ನಡದಲ್ಲಿ ತೇಲುಬುಡ್ಡೆ ಎನ್ನಬಹುದೇನೋ, ನಮ್ಮ ಮನೆಯಲ್ಲಿ ಬೂಯಿಯೇ ಆಗಿದೆ. ನದಿಯ ಹರಿವಿಗೆ ಎದುರಾಗಿ ಏರಿ ಹೋಗುವಾಗ ಕೆಂಪು ಬೂಯಿ ನಿಮ್ಮ ಬಲಕ್ಕಿರಬೇಕು, ಹಸಿರು ಎಡಕ್ಕೆ. ಇಳಿದು ಬರುವಾಗ ತಿರುವುಮುರುವು. ಇಂಗ್ಲಿಷಿನವರು 'ರೆಡ್ ರೈಟ್ ರಿಟರ್ನಿಂಗ್' ಎಂದು ನೆನಪಿಡುತ್ತಾರೆ. 'ರಿಟರ್ನಿಂಗ್' ಅಂದರೆ ಎಲ್ಲಿಗೆ ವಾಪಸ್, ಮನೆಗೋ ಎಂದು ಮಗಳಿಗೆ ಗೊಂದಲ. ಅವಳ ಅಮ್ಮ ಇನ್ನೊಂದು ಹೇಳಿಕೊಟ್ಟಳು: ದೇವಸ್ಥಾನದ ಮೆಟ್ಟಿಲು ಹತ್ತುವಾಗ ಕುಂಕುಮ ಬಲಗೈಯಲ್ಲಿ. ಹತ್ತುವುದು ಅಂದರೆ ಪ್ರವಾಹಕ್ಕೆ ಎದುರು, ಕುಂಕುಮ ಅಂದರೆ ಕೆಂಪು. ಆಮೇಲೆ ತಪ್ಪಲಿಲ್ಲ.

ನಾವಿದ್ದ ಕಡೆ ಇದರಲ್ಲೊಂದು ಮೋಜಿದೆ. ಪಿಜನ್ ಲೇಕ್ ಇರುವುದು ಟ್ರೆಂಟ್-ಸೆವರ್ನ್ ಜಲಮಾರ್ಗದಲ್ಲಿ. ಲೇಕ್ ಒಂಟಾರಿಯೊ ದಡದ ಟ್ರೆಂಟನ್‌ನಿಂದ ಜಾರ್ಜಿಯನ್ ಬೇವರೆಗೆ ಕೆರೆ, ನದಿ, ಕಾಲುವೆ ಪೋಣಿಸಿದ 386 ಕಿಲೋಮೀಟರಿನ ದಾರಿ ಅದು. ನಡುವಿನ ಬಾಲ್ಸಮ್ ಲೇಕ್ ಅದರ ನೆತ್ತಿ. ಪಿಜನ್ ಲೇಕ್‌ನಿಂದ ಬಾಬ್‌ಕೇಜನ್‌ನ 32ನೇ ಲಾಕ್ (ನೀರು ತುಂಬಿಸಿಯೋ ಇಳಿಸಿಯೋ ಬೋಟನ್ನು ಮೇಲೆ ಕೆಳಗೆ ಮಾಡುವ ಕಟ್ಟೆ) ಹತ್ತಿ ಸ್ಟರ್ಜನ್ ಲೇಕ್‌ಗೆ ಹೋಗುವುದೆಂದರೆ ಏರುದಾರಿ, ಕೆಂಪು ಬಲಕ್ಕೆ. ಹಾಗೇ ಮುಂದೆ ಹೋಗಿ ಬಾಲ್ಸಮ್ ದಾಟಿ ಕರ್ಕ್‌ಫೀಲ್ಡ್‌ನ ಲಿಫ್ಟ್ ಲಾಕ್ ಇಳಿದಿರೋ, ಅದೇ ದಿಕ್ಕಿಗೆ ಹೋಗುತ್ತಿದ್ದರೂ ಈಗ ನೀರು ನಿಮ್ಮ ಜೊತೆ ಇಳಿಯುತ್ತಿದೆ. ಅಲ್ಲಿಂದ ಬೂಯಿಗಳು ಬದಿ ಬದಲಿಸುತ್ತವೆ. ಬಣ್ಣವನ್ನು ಕಂಠಪಾಠ ಮಾಡಿದ ಮಕ್ಕಳು ಇಲ್ಲಿ ಸಿಕ್ಕಿಬೀಳುತ್ತಾರೆ, ನೀರು ಎತ್ತ ಹರಿಯುತ್ತಿದೆ ಎಂದು ನಕ್ಷೆಯಲ್ಲಿ ನೋಡಿಕೊಂಡವರು ಪಾರಾಗುತ್ತಾರೆ. ಕೋರ್ಸಿಗೆ ಕೂತಾಗಲೇ ನೀವು ಹೋಗಲಿರುವ ಕೆರೆಯ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ, ಕೆಂಪು ಹಸಿರು ಚುಕ್ಕೆಗಳ ನಡುವೆ ಮಗುವಿನ ಬೆರಳು ಓಡಿಸಿ.

ಎರಡು, ಯಾರು ಯಾರಿಗೆ ದಾರಿ ಬಿಡಬೇಕು. ಎದುರುಬದುರಾದರೆ ಇಬ್ಬರೂ ಬಲಕ್ಕೆ ಸರಿಯಬೇಕು. ಹಿಂದಿನಿಂದ ಬಂದು ಮುಂದೆ ಹೋಗುವವನೇ ಜಾಗ ಬಿಟ್ಟು ಸುತ್ತಬೇಕು. ಮೋಟರಿನವನು ಹಾಯಿಯವನಿಗೂ ಹುಟ್ಟಿನವನಿಗೂ ಬಿಡಬೇಕು. ಎರಡು ಮೋಟರ್ ಬೋಟು ಅಡ್ಡಹಾಯುವಾಗ ಬಲದಿಂದ ಬರುವವನದು ಮೇಲುಗೈ. ರಾತ್ರಿಯಲ್ಲಿ ಇದನ್ನು ದೀಪ ಹೇಳುತ್ತದೆ. ಬೋಟಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ನಿಮ್ಮ ಬಲದಿಂದ ಅಡ್ಡ ಬರುವವನ ಎಡಮಗ್ಗುಲು ನಿಮಗೆ ಕಾಣುವುದರಿಂದ ಕಾಣುವ ದೀಪ ಕೆಂಪು. ಅಂದರೆ ನೀವು ನಿಧಾನಿಸಿ ದಾರಿ ಬಿಡಬೇಕು. ಹಸಿರು ಕಂಡರೆ ಅವನು ಬಿಡಬೇಕು. ರಸ್ತೆಯ ಸಿಗ್ನಲ್ಲಿನ ಲೆಕ್ಕವೇ. ಇದನ್ನು ಹೇಳಿಕೊಟ್ಟ ಮೇಲೆ ಮಕ್ಕಳು ಮರೆಯುವುದಿಲ್ಲ. ಆದರೆ ಎದುರಿನವನು ಆ ಪಾಠ ಓದಿರುತ್ತಾನೆ ಎಂದು ನಂಬಬೇಡಿ ಎಂದೂ ಸೇರಿಸಿ ಹೇಳಿ.

ಮೂರು, ಅಂಕಿಗಳು. ಇವನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸುವುದೊಂದೇ ಉಪಾಯ. ಬೋಟಿನಲ್ಲಿರಬೇಕಾದ ಎಸೆಹಗ್ಗ, ನೀರಿನಲ್ಲಿ ತೇಲುವಂಥದ್ದು, ಕನಿಷ್ಠ 15 ಮೀಟರ್. ಒಂಟಾರಿಯೊ ಸೇರಿದಂತೆ ಹಲವು ಪ್ರಾಂತಗಳಲ್ಲಿ ದಡದಿಂದ 30 ಮೀಟರ್ ಒಳಗೆ ವೇಗ ಗಂಟೆಗೆ 10 ಕಿಲೋಮೀಟರ್ ಮೀರಬಾರದು. ಅಪಾಯ ಎಂದು ತಿಳಿಸಲು ಐದು ಅಥವಾ ಹೆಚ್ಚು ಚಿಕ್ಕ ಹಾರ್ನ್. ಸ್ಕೀ ಅಥವಾ ಟ್ಯೂಬ್ ಕಟ್ಟಿ ಎಳೆಯುವಾಗ ಓಡಿಸುವವರಲ್ಲದೆ ಹಿಂದೆ ನೋಡಿಕೊಳ್ಳಲು ಇನ್ನೊಬ್ಬರು ಬೇಕು, ಎಳೆಸಿಕೊಳ್ಳುವವರಿಗೂ ಬೋಟಿನಲ್ಲಿ ಸೀಟು ಇರಬೇಕು, ಸೂರ್ಯ ಮುಳುಗಿ ಒಂದು ಗಂಟೆಯ ಮೇಲೆ ಎಳೆಯುವಂತಿಲ್ಲ.

ಪರೀಕ್ಷೆ

ಪ್ರಶ್ನೆ 50, ಎಲ್ಲವೂ ನಾಲ್ಕರಲ್ಲಿ ಒಂದು ಆರಿಸುವಂಥವು. ಪಾಸಾಗಲು ಶೇ. 75 ಬೇಕು, ಅಂದರೆ 38 ಸರಿ ಇರಬೇಕು. ಮಗಳಿಗೆ ಮೊದಲ ಸಲ ಬಂದಿದ್ದು 36. ಫೇಲಾದರೆ ಮತ್ತೆ ಬರೆಯಲು 24 ಗಂಟೆ ಕಾಯಬೇಕು. ಆ ದಿನ ಮನೆಯಲ್ಲಿ ಸ್ವಲ್ಪ ಅಳು, ಸ್ವಲ್ಪ ಐಸ್‌ಕ್ರೀಂ. ತಪ್ಪಿದ್ದೆಲ್ಲಿ ಎಂದು ಕೂತು ನೋಡಿದರೆ ಬಹುತೇಕ ರಾತ್ರಿಯ ದೀಪ ಮತ್ತು ಬೋಟಿನಲ್ಲಿರಬೇಕಾದ ಸಾಮಾನಿನ ಪ್ರಶ್ನೆಗಳು. ಹಗಲು ಮಾತ್ರ ಓಡಿಸುತ್ತೇನೆ, ದೀಪ ಯಾಕೆ ಎಂದು ಆ ಪಾಠ ಹಾರಿಸಿದ್ದಳು. ಮರುದಿನ ಸಂಜೆ ಪಾಸಾದಳು.

ಪರೀಕ್ಷೆಯನ್ನು ಮಗುವೇ ಬರೆಯಬೇಕು, ಯಾರ ಸಹಾಯವೂ ಇಲ್ಲದೆ. ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಬರೆಯುವಾಗ ಪಕ್ಕದಲ್ಲಿ ನಿಂತು ಬೆರಳು ತೋರಿಸುವ ಆಸೆ ನಮ್ಮಂಥ ಅಪ್ಪಂದಿರಿಗೆ ಬಹಳ. ಎಸ್ಸೆಸ್ಸೆಲ್ಸಿ ಕಾಲದ ಚಾಳಿ. ನಾನು ಎದ್ದು ಪಾತ್ರೆ ತೊಳೆಯಲು ಹೋದೆ. ನೀವು ಹೇಳಿಕೊಟ್ಟ ಆ ಎರಡು ಉತ್ತರವನ್ನು ನೀರಿನ ನಡುವೆ ಅವಳಿಗೆ ಯಾರು ಹೇಳಿಕೊಡುತ್ತಾರೆ?

ಪಾಸಾದ ತಕ್ಷಣ ತಾತ್ಕಾಲಿಕ ಕಾರ್ಡ್ ಪ್ರಿಂಟ್ ಮಾಡಿಕೊಳ್ಳಬಹುದು. ಗಟ್ಟಿ ಪ್ಲಾಸ್ಟಿಕ್ ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ. ತಾತ್ಕಾಲಿಕ ಕಾರ್ಡಿನ ಮೇಲೆ ಅವಧಿ ಬರೆದಿರುತ್ತದೆ, ನೋಡಿಕೊಳ್ಳಿ. ಅಪಾರ್ಟ್‌ಮೆಂಟಿನವರು ವಿಳಾಸದಲ್ಲಿ ಯೂನಿಟ್ ನಂಬರ್ ಬಿಡಬೇಡಿ.

ಮೊದಲ ದಿನ ನೀರಿಗೆ

ಕಾರ್ಡಿನ ಪರೀಕ್ಷೆಯಲ್ಲಿ ಒಂದೇ ಒಂದು ಸಲವೂ ಬೋಟ್ ಓಡಿಸಿ ತೋರಿಸಬೇಕಿಲ್ಲ. ಸೈಕಲ್ ಬಗ್ಗೆ ಪುಸ್ತಕ ಓದಿ ಪಾಸಾದ ಹಾಗೆ. ಹಾಗಾಗಿ ಓಡಿಸುವುದನ್ನು ಕಲಿಸುವ ಕೆಲಸ ನಿಮ್ಮದೇ. ನಾವು ಎರಡು ಬೆಳಗು ಅದಕ್ಕೇ ಇಟ್ಟೆವು. ಆರೂವರೆಗೆ ಕೆರೆ ಕನ್ನಡಿಯ ಹಾಗಿರುತ್ತದೆ, ಬೇರೆ ಬೋಟಿಲ್ಲ. ಡಾಕ್‌ನಿಂದ ಬಿಡಿಸಿಕೊಳ್ಳುವುದು, ವಾಪಸ್ ಬಂದು ತಾಗಿಸುವುದು, ಹೀಗೆ ಇಪ್ಪತ್ತು ಸಲ. ಬೋಟಿಗೆ ಬ್ರೇಕ್ ಇಲ್ಲ ಎನ್ನುವುದು ಮಕ್ಕಳ ಮೈಗೆ ಇಳಿಯುವುದು ಡಾಕ್‌ಗೆ ಒಂದೆರಡು ಸಲ ಡಿಕ್ಕಿ ಹೊಡೆದ ಮೇಲೆಯೇ. ಪುಟ್ಟ ಔಟ್‌ಬೋರ್ಡ್ ಮೋಟರಿನಲ್ಲಿ ಸ್ಟೀರಿಂಗ್ ಇರುವುದಿಲ್ಲ, ಹಿಂದೆ ಕೂತು ಹಿಡಿಕೆ ಹಿಡಿಯಬೇಕು. ಹಿಡಿಕೆ ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ. ನಾನು ಗೊಂದಲಗೊಂಡು ಜೊಂಡಿನೊಳಗೆ ನುಗ್ಗಿಸಿದೆ. ಅಜ್ಜ ಹಿಡಿಕೆ ಹಿಡಿದವರೇ ಸೀದಾ ಹೊರಟರು, ಚುಕ್ಕಾಣಿಯ ಅಭ್ಯಾಸ ಕೈಯಲ್ಲೇ ಇತ್ತು. ಅವರು ಹಿಡಿದದ್ದು ಎರಡೇ ನಿಮಿಷ. ಕಾರ್ಡ್ ಇಲ್ಲದ್ದರಿಂದ ಮೊಮ್ಮಗಳೇ ಎಬ್ಬಿಸಿ ಮುಂದೆ ಕೂರಿಸಿದಳು, ದಂಡದ ಮೊತ್ತವನ್ನೂ ಹೇಳಿದಳು.

ಕಿಲ್ ಸ್ವಿಚ್‌ನ ಕೆಂಪು ಸುರುಳಿ ದಾರ ಓಡಿಸುವವರ ಮಣಿಕಟ್ಟಿಗೋ ಜಾಕೆಟ್‌ಗೋ ಸಿಕ್ಕಿಸಿರಬೇಕು. ಬಿದ್ದರೆ ದಾರ ಕಿತ್ತು ಮೋಟರ್ ನಿಲ್ಲುತ್ತದೆ. ಒಮ್ಮೆ ಎಳೆದು, ನಿಜಕ್ಕೂ ನಿಲ್ಲುತ್ತದೆಯೇ ಎಂದು ಮಗುವಿನ ಕೈಯಲ್ಲೇ ನೋಡಿಸಿ. ಎಂಜಿನ್ ಓಡುತ್ತಿರುವಾಗ ಹಿಂಭಾಗದ ಹಲಗೆಯ ಮೇಲೆ ಯಾರೂ ಕೂರಬಾರದು, ಪ್ರೊಪೆಲ್ಲರ್ ಒಂದು ಕಾರಣ, ಅಲ್ಲಿ ಕಟ್ಟಿಕೊಳ್ಳುವ ಹೊಗೆ ಇನ್ನೊಂದು.

ಲೈಫ್ ಜಾಕೆಟ್ ಪ್ರತಿಯೊಬ್ಬರಿಗೂ ಅವರವರ ಅಳತೆಯದು ಇರಬೇಕು. ಮಕ್ಕಳಿಗೆ ಗಾಳಿ ತುಂಬುವ ತೆಳು ಜಾಕೆಟ್ ಬೇಡ, ಫೋಮಿನದೇ ಇರಲಿ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿದಾಗ ಜಾಕೆಟ್ ಕಿವಿಯವರೆಗೆ ಬಂದರೆ ಅದು ದೊಡ್ಡದು. ಸೀಟಿನ ಕೆಳಗೆ ಇಡುವುದಕ್ಕಲ್ಲ, ಹಾಕಿಕೊಳ್ಳುವುದಕ್ಕೆ. ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಇದನ್ನು ಇನ್ನೂ ಬಿಗಿಯಾಗಿ ಪಾಲಿಸಿ. ಮೇ ತಿಂಗಳ ವಿಕ್ಟೋರಿಯಾ ಡೇ ವಾರಾಂತ್ಯದಲ್ಲಿ ಗಾಳಿ 25 ಡಿಗ್ರಿ ಇರಬಹುದು, ನೀರು ಆಗಷ್ಟೇ ಮಂಜುಗಡ್ಡೆ ಕಳೆದುಕೊಂಡಿರುತ್ತದೆ. ಮಲ್ಪೆ ಕಡಲು ಈಜಿ ಬಂದವರಿಗೆ ಈ ತಣ್ಣೀರಿನ ಹೊಡೆತ ಊಹೆಗೂ ಸಿಗುವುದಿಲ್ಲ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂಬ ಸೂತ್ರದಲ್ಲಿ ಹೇಳುತ್ತಾರೆ: ಬಿದ್ದ ಮೊದಲ 1 ನಿಮಿಷ ಏದುಸಿರನ್ನು ಹಿಡಿತಕ್ಕೆ ತರಲು, ಮುಂದಿನ 10 ನಿಮಿಷ ಕೈಕಾಲು ಮಾತು ಕೇಳುವ ಹೊತ್ತು, ಅಲ್ಲಿಂದ ಸುಮಾರು 1 ಗಂಟೆಯಲ್ಲಿ ಚಳಿಗೆ ಪ್ರಜ್ಞೆ ತಪ್ಪುತ್ತದೆ. ಜಾಕೆಟ್ ಇಲ್ಲದವರು ಆ ಗಂಟೆಯವರೆಗೆ ಉಳಿಯುವುದು ಕಷ್ಟ. ಮಕ್ಕಳಿಗೆ ಇದನ್ನು ಹೆದರಿಸಲು ಹೇಳಬೇಡಿ, ಬಿದ್ದರೆ ಮೊದಲ ನಿಮಿಷ ಈಜಬೇಡ, ಉಸಿರು ಹಿಡಿತಕ್ಕೆ ತಂದುಕೋ ಎನ್ನುವುದನ್ನು ಕಲಿಸಲು ಹೇಳಿ.

ಪಕ್ಕದಲ್ಲಿ ಕೂರುವ ದೊಡ್ಡವರಿಗೆ ಒಂದು ಮಾತು. ಕುಡಿದು ಬೋಟ್ ಓಡಿಸುವುದು ಕುಡಿದು ಕಾರ್ ಓಡಿಸಿದಷ್ಟೇ ದೊಡ್ಡ ಅಪರಾಧ, ಒಂಟಾರಿಯೊದಲ್ಲಿ ಕಾರಿನ ಲೈಸೆನ್ಸಿಗೂ ಕುತ್ತು. ಮಲಗುವ, ಅಡುಗೆಯ, ಶೌಚದ ವ್ಯವಸ್ಥೆ ಇಲ್ಲದ ಸಾಮಾನ್ಯ ಬೋಟಿನಲ್ಲಿ ಬಿಯರ್ ತೆರೆಯುವುದೇ ತಪ್ಪು. ಮಗಳೇ ಓಡಿಸುತ್ತಿದ್ದಾಳಲ್ಲ, ನಾನು ಒಂದು ಕ್ಯಾನ್ ಹಿಡಿಯುತ್ತೇನೆ ಎನ್ನುವವರು ನಿಗಾ ಇಡಲು ಕೂತವರು ತಾವು ಎನ್ನುವುದನ್ನು ಮರೆತಿರುತ್ತಾರೆ.

ಮಗು ಒಬ್ಬಳೇ ಹೊರಡುವ ದಿನ ಒಂದು ಚೀಟಿ ಬರೆಸಿ. ಇಲ್ಲಿ ಅದನ್ನು ಟ್ರಿಪ್ ಪ್ಲಾನ್ ಎನ್ನುತ್ತಾರೆ. ಯಾರ್ಯಾರು, ಯಾವ ದೋಣಿ, ಎಲ್ಲಿಯವರೆಗೆ, ಎಷ್ಟು ಹೊತ್ತಿಗೆ ವಾಪಸ್. ನಮ್ಮ ಮನೆಯ ಚೀಟಿಯಲ್ಲಿ ಇಷ್ಟಿತ್ತು: 'ನಾನು ಮತ್ತು ತಮ್ಮ. ಟಿನ್ ಬೋಟ್. ಕಲ್ಲು ದ್ವೀಪದವರೆಗೆ, ಅದರ ಆಚೆ ಹೋಗಲ್ಲ. 11ಕ್ಕೆ ವಾಪಸ್. 11.15ಕ್ಕೆ ಬರದಿದ್ದರೆ ಅಪ್ಪ ಪಾಂಟೂನ್ ತರಬೇಕು.' ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ, ಆದರೆ ಸಿಗ್ನಲ್ ಮೇಲೆ ನಂಬಿಕೆ ಇಡಬೇಡಿ. ಕುತ್ತಿಗೆಗೆ ಒಂದು ಸೀಟಿ ಇರಲಿ. ಮೋಟರ್ ಕೈಕೊಟ್ಟರೆ ಇರಲಿ ಎಂದು ಒಂದು ಜೊತೆ ಹುಟ್ಟು, ನೀರು ಮೊಗೆಯಲು ಒಂದು ಡಬ್ಬ ದೋಣಿಯಲ್ಲಿ ಇದ್ದೇ ಇರಬೇಕು. ವಿಎಚ್‌ಎಫ್ ರೇಡಿಯೊ (ಬೋಟಿನಿಂದ ಬೋಟಿಗೆ ಮಾತಾಡುವ ಸಾಧನ) ಬಳಸುವುದಾದರೆ ಅದಕ್ಕೆ ಬೇರೆ ಸರ್ಟಿಫಿಕೇಟ್ ಬೇಕು, ಚಿಕ್ಕ ಕೆರೆಯಲ್ಲಿ ಅದರ ಅಗತ್ಯ ಬೀಳುವುದಿಲ್ಲ.

ಕಾರ್ಡನ್ನು ಮನೆಯಲ್ಲಿ ಭದ್ರವಾಗಿ ಇಟ್ಟು ಹೋದರೆ ಉಪಯೋಗವಿಲ್ಲ, ಬೋಟಿನಲ್ಲೇ ಇರಬೇಕು. ಅದರ ನಂಬರ್ ಬೇರೆ ಕಡೆ ಬರೆದಿಡಿ. ಕಳೆದರೆ ಕೊಟ್ಟ ಸಂಸ್ಥೆಯನ್ನೇ ಕೇಳಿ ಇನ್ನೊಂದು ತರಿಸಬೇಕು, ಹತ್ತು ವರ್ಷದ ಮೇಲೆ ಆ ಸಂಸ್ಥೆಯ ಹೆಸರೇ ನೆನಪಿರುವುದಿಲ್ಲ. ಕಾರ್ಡಿಗೆ ಅವಧಿ ಇಲ್ಲ, ಜೀವನಪರ್ಯಂತ ನಡೆಯುತ್ತದೆ. 16 ತುಂಬಿದಾಗ ಮತ್ತೆ ಪರೀಕ್ಷೆ ಬರೆಯಬೇಕಿಲ್ಲ, ಅರ್ಜಿ ಹಾಕಬೇಕಿಲ್ಲ. ಆ ಹುಟ್ಟುಹಬ್ಬದ ಬೆಳಿಗ್ಗೆ 40 ಎಚ್‌ಪಿಯ ಮಿತಿ ತಾನಾಗಿ ಬಿದ್ದುಹೋಗುತ್ತದೆ, ಅದೇ ಹಳೇ ಕಾರ್ಡ್ ಪಾಂಟೂನಿಗೂ ನಡೆಯುತ್ತದೆ, ಜೆಟ್ ಸ್ಕೀಗೂ.